ಆಮೆನ್ ಹೇಳದ ಶುಕ್ರವಾರ

ಟಾಲಿವರ್ ಊರಿನಲ್ಲಿ ಹಾಲಿಸ್ ಟಿಡ್ವೆಲ್‌ನ ಮುಖ ನೋಡಿದವರಿಗಿಂತ ಬೆನ್ನು ನೋಡಿದವರೇ ಹೆಚ್ಚು. ತಿಂಗಳಿಗೊಮ್ಮೆ ಪ್ರತಿ ಮನೆಯ ಮುಂದೆ ಬಂದು, ಮಂಡಿಯೂರಿ, ಕಬ್ಬಿಣದ ಮುಚ್ಚಳವನ್ನು ಕೊಕ್ಕೆಯಿಂದ ಎತ್ತಿ, ಗುಂಡಿಯೊಳಗೆ ಇಣುಕಿ, ನೀರಿನ ಮೀಟರಿನ ಅಂಕಿ ಬರೆದುಕೊಂಡು ಎದ್ದು ಹೋಗುವುದು ಅವನ ಕೆಲಸ. ಊರಿನಲ್ಲಿ ಅಂಥ ಗುಂಡಿಗಳು ಮುನ್ನೂರ ಹನ್ನೆರಡು. ಕೆಲವುಗಳಲ್ಲಿ ಜೇಡ, ಕೆಲವುಗಳಲ್ಲಿ ಕಪ್ಪೆ, ಅಂಚೆ ಕಚೇರಿಯ ಮುಂದಿನದರಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಒಂದು ಹಾವು. ಹಾಲಿಸ್ ಅವುಗಳನ್ನು ಕಂಡಾಗ ‘ಚೆನ್ನಾಗಿದ್ದೀಯಾ’ ಎಂದು ಕೇಳಿ ಮುಚ್ಚಳ ಮುಚ್ಚುತ್ತಿದ್ದ. ಮನುಷ್ಯರ ಹತ್ತಿರ ಅವನ ಮಾತು ಅಷ್ಟು ದೂರಕ್ಕೂ ಹೋಗುತ್ತಿರಲಿಲ್ಲ.

ಅವನ ಹೆಂಡತಿ ಇಮೊಜೀನ್ ಇದಕ್ಕೆ ತದ್ವಿರುದ್ಧ. ದೇವರು ಒಂದೊಂದು ಮನೆಗೆ ಇಷ್ಟಿಷ್ಟು ಮಾತು ಎಂದು ಅಳೆದು ಕೊಡುತ್ತಾನೆ, ಟಿಡ್ವೆಲ್ ಮನೆಯ ಪಾಲನ್ನು ಬಾಗಿಲಲ್ಲೇ ಇಮೊಜೀನ್ ಇಸಿದುಕೊಂಡುಬಿಟ್ಟಳು ಎಂದು ಊರಿನವರು ಹೇಳುತ್ತಿದ್ದರು. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನೂ ಅವಳೇ ಹೇಳುತ್ತಿದ್ದಳು. ಮನೆಗೆ ನೆಂಟರು ಬಂದ ದಿನ ಮಾತ್ರ ಗಂಡಸು ಹೇಳಬೇಕು ಎಂಬ ಪದ್ಧತಿ. ಆ ಹೊತ್ತಿಗೆ ಸರಿಯಾಗಿ ಹಾಲಿಸ್‌ಗೆ ತಣ್ಣನೆಯ ಟೀಗೆ ಮಂಜುಗಡ್ಡೆ ಸಾಲದೆಂದು ನೆನಪಾಗುತ್ತಿತ್ತು; ಅವನು ಅಡುಗೆಮನೆಯಿಂದ ಹೊರಗೆ ಬರುವಷ್ಟರಲ್ಲಿ ನೆಂಟರಲ್ಲೇ ಯಾರಾದರೂ ಹೇಳಿ ಮುಗಿಸಿರುತ್ತಿದ್ದರು.

ಚರ್ಚಿನಲ್ಲಿ ಅಪಾಯ ಇನ್ನೂ ಹೆಚ್ಚು. ನಮ್ಮ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿಯುವಾಗ ಪಾದ್ರಿಗಳು ಕೂತವರ ಮೇಲೆ ಕಣ್ಣಾಡಿಸಿ, ‘ಬ್ರದರ್ ಇಂಥವರೇ, ಕಡೆಯ ಪ್ರಾರ್ಥನೆ ನೀವು ಮಾಡಿ’ ಎಂದು ಯಾರನ್ನಾದರೂ ಹೆಸರು ಹಿಡಿದು ಎಬ್ಬಿಸುತ್ತಾರೆ. ಮುಂಚೆ ಹೇಳುವುದಿಲ್ಲ. ಬರೆದು ತಂದದ್ದನ್ನು ಓದುವ ಹಾಗೂ ಇಲ್ಲ. ಬರೆದು ಓದುವುದು ಮೆಥಡಿಸ್ಟರ ಕೆಲಸ, ಎದೆಯಿಂದ ಬಂದದ್ದೇ ಪ್ರಾರ್ಥನೆ ಎಂಬುದು ಬ್ಯಾಪ್ಟಿಸ್ಟರ ಹಟ. ಹಾಲಿಸ್‌ಗೆ ಎದೆಯಿಂದ ಬರುತ್ತಿದ್ದದ್ದು ಡವಡವ ಸದ್ದೊಂದೇ. ಆದ್ದರಿಂದ ಮೂವತ್ತು ವರ್ಷಗಳಿಂದ ಪ್ರತಿ ಭಾನುವಾರ ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅವನ ಬಲಗಾಲಿನ ಬೂಟಿನ ದಾರ ಬಿಚ್ಚಿಹೋಗುತ್ತಿತ್ತು. ಅವನು ಬಗ್ಗಿ ಅದನ್ನು ಕಟ್ಟುತ್ತಿದ್ದ. ಎಷ್ಟು ಪಾದ್ರಿಗಳು ಬಂದು ಹೋದರೋ, ಅವರಲ್ಲಿ ಒಬ್ಬರಿಗೂ ಅವನು ಆ ಹೊತ್ತಿನಲ್ಲಿ ಕಣ್ಣಿಗೆ ಬೀಳಲಿಲ್ಲ.

ಇಷ್ಟು ಮಾತಿಲ್ಲದ ಮನುಷ್ಯನಿಗೆ ಊರಿನಲ್ಲಿ ಒಂದು ಸಿಂಹಾಸನ ಇತ್ತು. ಹೈಸ್ಕೂಲಿನ ಫುಟ್‌ಬಾಲ್ ಮೈದಾನದ ಗ್ಯಾಲರಿಯ ನೆತ್ತಿಯ ಮೇಲೆ ಮರದ ಹಲಗೆಯ ಒಂದು ಗೂಡು. ಅದರಲ್ಲಿ ಎರಡು ಕುರ್ಚಿ. ಒಂದರಲ್ಲಿ ಮೈಕು ಹಿಡಿಯುವ ಬಡ್ ಸೀಗ್ರೇವ್, ಇನ್ನೊಂದರಲ್ಲಿ ಸ್ಕೋರ್‌ಬೋರ್ಡಿನ ಗಡಿಯಾರ ನಡೆಸುವ ಹಾಲಿಸ್. ಐವತ್ತೊಂದರಲ್ಲಿ ಸ್ಕೋರ್‌ಬೋರ್ಡ್ ಕೊಂಡಾಗ ಕೂತವನು ಎಪ್ಪತ್ತನಾಲ್ಕರ ಆ ವರ್ಷದವರೆಗೆ ಒಂದು ಶುಕ್ರವಾರವೂ ತಪ್ಪಿಸಿರಲಿಲ್ಲ. ಕೆಳಗೆ ಎರಡು ಸಾವಿರ ಜನ ಅರಚುತ್ತಿದ್ದರೂ ಅವನ ಹೆಬ್ಬೆರಳು ಒಂದು ಸೆಕೆಂಡು ಆಚೀಚೆ ಆದದ್ದಿಲ್ಲ. ಉಳಿದ ದಿನ ಮಂಡಿಯೂರಿ ಕಳೆಯುವವನು ಆ ಒಂದು ಸಂಜೆ ಊರಿಗಿಂತ ಎತ್ತರದಲ್ಲಿ ಕೂರುತ್ತಿದ್ದ. ಆ ಕುರ್ಚಿಯನ್ನು ಬಿಟ್ಟು ಅವನಿಗೆ ಬೇರೇನೂ ಬೇಕಿರಲಿಲ್ಲ.

ಪ್ರತಿ ಆಟಕ್ಕೂ ಮೊದಲು ಪ್ರಾರ್ಥನೆ. ಊರಿನ ನಾಲ್ಕು ಚರ್ಚುಗಳಿಗೆ ಸರದಿ. ಮೆಥಡಿಸ್ಟ್ ಪಾದ್ರಿಗಳದ್ದು ನಲವತ್ತು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಬ್ಯಾಪ್ಟಿಸ್ಟರದ್ದು ಹುಡುಗರ ಮೊಣಕಾಲಿನಿಂದ ಶುರುವಾಗಿ, ಹತ್ತಿ ಬೆಳೆಗೆ ಹೋಗಿ, ವಾಷಿಂಗ್ಟನ್ನಿನಲ್ಲಿ ಸ್ವಲ್ಪ ಹೊತ್ತು ನಿಂತು, ಬ್ರೆಜಿಲ್ ದೇಶದ ಮಿಷನರಿಗಳನ್ನು ವಿಚಾರಿಸಿಕೊಂಡು ವಾಪಸು ಬರಬೇಕು. ಒಂದು ಸಲ ಇದರಿಂದಲೇ ಆಟ ತಡವಾಗಿ, ರೆಫ್ರಿ ನಮ್ಮ ತಂಡ ಐದು ಗಜ ಹಿಂದೆ ಸರಿಯಬೇಕೆಂದು ದಂಡ ಹಾಕಿದ. ದೇವರ ಮುಂದೆ ನಿಂತದ್ದಕ್ಕೆ ದಂಡವೇ ಎಂದು ಊರು ಒಂದು ವಾರ ಕುದಿಯಿತು. ಹಾಲಿಸ್ ಕುದಿಯಲಿಲ್ಲ, ಉಪಾಯ ಮಾಡಿದ. ಮುಂದಿನ ಶುಕ್ರವಾರ ‘ತಲೆಬಾಗಿಸೋಣ’ ಎಂದು ಪಾದ್ರಿಗಳು ಹೇಳುತ್ತಿದ್ದಂತೆ ಸ್ಕೋರ್‌ಬೋರ್ಡಿನ ಗಡಿಯಾರಕ್ಕೆ ಒಂದು ನಿಮಿಷ ಕೊಟ್ಟು ಗುಂಡಿ ಒತ್ತಿದ. ಐವತ್ತೊಂಬತ್ತು, ಐವತ್ತೆಂಟು. ಪ್ರಾರ್ಥನೆಯ ಮೈಕು ಇದ್ದದ್ದು ಕೆಳಗೆ ಮೈದಾನದಲ್ಲಿ, ಆ ಬೋರ್ಡಿಗೆ ಎದುರಾಗಿ. ಪಾದ್ರಿಗಳು ಅಂದು ಬ್ರೆಜಿಲ್‌ಗೆ ಹೋಗದೆ ಹತ್ತಿ ಹೊಲದಿಂದಲೇ ಹಿಂದಿರುಗಿ, ಸರಿಯಾಗಿ ಎರಡು ಸೆಕೆಂಡು ಉಳಿಸಿ ಆಮೆನ್ ಎಂದರು.

ಹೀಗೆ ಹನ್ನೊಂದು ವರ್ಷ ನಡೆಯಿತು. ಇದರ ಸೊಗಸೇನೆಂದರೆ, ಯಾರೂ ಆಕ್ಷೇಪಿಸುವಂತಿರಲಿಲ್ಲ. ಗಡಿಯಾರ ಓಡುತ್ತಿದೆ ಎಂದು ಹೇಳಿದವನು ಪ್ರಾರ್ಥನೆಯ ಹೊತ್ತಿನಲ್ಲಿ ಕಣ್ಣು ತೆರೆದಿದ್ದೆ ಎಂದು ಒಪ್ಪಿಕೊಂಡಂತಾಗುತ್ತಿತ್ತು. ಎರಡು ಸಾವಿರ ಜನರೂ ನೋಡುತ್ತಿದ್ದರು. ಎರಡು ಸಾವಿರ ಜನರೂ ನೋಡಿರಲಿಲ್ಲ.

ಆ ವರ್ಷದ ಆಗಸ್ಟಿನಲ್ಲಿ ಬಂದ ಹೊಸ ಪಾದ್ರಿ ಬ್ರದರ್ ರೇಬರ್ನ್ ಅವರಿಂದ ಕೆಟ್ಟಿತು. ಅವರು ಪ್ರಾರ್ಥನೆ ಮಾಡುವಾಗ ನಿಜವಾಗಿಯೂ ಕಣ್ಣು ಮುಚ್ಚುತ್ತಿದ್ದರು.

ಸೆಪ್ಟೆಂಬರಿನ ಒಂದು ಶುಕ್ರವಾರ ಬ್ಯಾಪ್ಟಿಸ್ಟರ ಸರದಿ. ಅಂದು ಸಂಜೆ ಹಾಲಿಸ್ ತನ್ನ ಯಂತ್ರದ ಮೇಲಿನ ಕಣಜದ ಗೂಡನ್ನು ಬಟ್ಟೆಯಿಂದ ಒರೆಸಿ ತೆಗೆದಿದ್ದ. ಸಮಯ ಮುಗಿದೊಡನೆ ತಾನಾಗಿ ಮೊಳಗುವ ಹಾರ್ನಿನ ಸ್ವಿಚ್ಚನ್ನು ಅವನು ಪ್ರಾರ್ಥನೆ ಮುಗಿಯುವವರೆಗೆ ಇಳಿಸಿಡುತ್ತಿದ್ದ; ಒರೆಸುವಾಗ ಅದು ಮೇಲಕ್ಕೆ ಹೋದದ್ದು ಅವನಿಗೆ ತಿಳಿಯಲಿಲ್ಲ. ಗಡಿಯಾರ ಸೊನ್ನೆಗೆ ಬಂದಾಗ ಬ್ರದರ್ ರೇಬರ್ನ್ ಇನ್ನೂ ಹುಡುಗರ ಮೊಣಕಾಲಿನಲ್ಲೇ ಇದ್ದರು. ಗೂಡ್ಸ್ ರೈಲು ಹಳಿ ತಪ್ಪಿ ಮೈದಾನಕ್ಕೆ ನುಗ್ಗಿದಂತೆ ಹಾರ್ನ್ ಮೊಳಗಿತು. ಆ ಸದ್ದಿಗೆ ಓಡಬೇಕೆಂದು ಕಲಿತ ನಮ್ಮ ಹುಡುಗರು ಓಡಿದರು. ಸ್ವಾಗತಕ್ಕೆ ಹುಡುಗಿಯರು ಹಿಡಿದಿದ್ದ ಕಾಗದದ ಪರದೆ ಹರಿಯಿತು, ಬ್ಯಾಂಡು ಶುರುವಾಯಿತು, ಜನ ಹೋ ಎಂದರು. ಬ್ರದರ್ ರೇಬರ್ನ್ ಕಣ್ಣು ಬಿಟ್ಟಾಗ ಅವರ ಸುತ್ತ ಹೆಲ್ಮೆಟ್ ಹಾಕಿದ ನಲವತ್ತು ಹುಡುಗರು ಕುಣಿಯುತ್ತಿದ್ದರು. ಅವರು ಮೈಕಿಗೆ ಮೆಲ್ಲಗೆ ಆಮೆನ್ ಎಂದದ್ದು ಯಾರಿಗೂ ಕೇಳಿಸಲಿಲ್ಲ.

ಸೋಮವಾರ ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ ಹಿರಿಯರು ಸೇರಿದರು. ಇಮೊಜೀನ್ ಮಾಡಿದ ತೆಂಗಿನಕಾಯಿ ಕೇಕನ್ನು ಹಾಲಿಸ್ ತಂದು ಮೇಜಿನ ಮೇಲಿಟ್ಟು ಮೂಲೆಯಲ್ಲಿ ಕೂತಿದ್ದ. ಹೈಸ್ಕೂಲಿನ ಪ್ರಿನ್ಸಿಪಾಲ್ ಹಂಫಿಲ್ ಅವರೂ ಹಿರಿಯರಲ್ಲೊಬ್ಬರು. ಗಡಿಯಾರ ಓಡುತ್ತಿದ್ದದ್ದನ್ನು ಯಾರಾದರೂ ಕಂಡಿದ್ದೀರಾ ಎಂದು ಅವರು ಕೇಳಿದರು. ಎಲ್ಲರೂ ಕೇಕು ನೋಡಿದರು. ಹಾಲಿಸ್ ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರುವುದರಲ್ಲಿ ಅವನಿಗಿಂತ ಗಟ್ಟಿಗರು ಊರಿನಲ್ಲಿ ಇರಲಿಲ್ಲ. ಆದರೆ ಅಂದು ಅವನು ಎದ್ದು ನಿಂತ.

“ನಾನೇ ಓಡಿಸ್ದೆ. ಹನ್ನೊಂದು ವರ್ಷದಿಂದ ಓಡಿಸ್ತಾ ಇದೀನಿ. ಹಾರ್ನು ಮಾತ್ರ ಬೇಕಂತ ಮಾಡಿದ್ದಲ್ಲ.”

ಹಿರಿಯರೆಲ್ಲ ಆಶ್ಚರ್ಯಪಟ್ಟರು. ಬಹಳ ಚೆನ್ನಾಗಿಯೇ ಪಟ್ಟರು.

ಬ್ರದರ್ ರೇಬರ್ನ್ ಕೋಪಿಷ್ಠರಲ್ಲ. ಆದರೆ ಅವರಿಗೆ ನೋವಾಗಿತ್ತು; ಎತ್ತರದ, ಕತ್ತು ಉದ್ದನೆಯ ಆ ಮನುಷ್ಯನ ಮುಖದಲ್ಲಿ ಅದು ಕಾಣುತ್ತಿತ್ತು. ಶಿಕ್ಷೆ ಬೇಡ, ಆದರೆ ಅನ್ಯರ ಪ್ರಾರ್ಥನೆಯನ್ನು ಅಳೆಯುವವನಿಗೆ ಅದರ ಭಾರ ಗೊತ್ತಿರಬೇಕು, ಎಂದರು. ಅಕ್ಟೋಬರಿನ ಕೊನೆಯಲ್ಲಿ ಬ್ರಾಡಸ್ ಊರಿನ ತಂಡದೊಡನೆ ದೊಡ್ಡ ಆಟ. ಅಂದು ಬ್ಯಾಪ್ಟಿಸ್ಟರ ಸರದಿ ಬಂದಾಗ ತಮ್ಮ ಬದಲು ಬ್ರದರ್ ಹಾಲಿಸ್ ಪ್ರಾರ್ಥನೆ ಮಾಡಲಿ. ಆರಂಭದಿಂದ ಆಮೆನ್‌ವರೆಗೆ ಒಂದು ಪೂರ್ತಿ ಪ್ರಾರ್ಥನೆ. ಆಮೇಲೆ ಅವನ ಕುರ್ಚಿ ಅವನಿಗೆ. ಅಲ್ಲಿಯವರೆಗೆ ಗಡಿಯಾರವನ್ನು ಲೆಕ್ಕದ ಮೇಷ್ಟ್ರು ಪೀಲ್ ನೋಡಿಕೊಳ್ಳಲಿ ಎಂದು ಹಂಫಿಲ್ ಸೇರಿಸಿದರು; ಆಗದಿದ್ದರೆ ಪೀಲ್ ಅವರೇ ಮುಂದುವರಿಯುತ್ತಾರೆ, ಅವರಿಗೆ ಆಸೆಯೂ ಇದೆ, ಎಂದರು.

ಮನೆಗೆ ಬಂದ ಹಾಲಿಸ್ ಬೂಟು ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತ.

“ಒಂದು ಪ್ರಾರ್ಥನೆ ತಾನೇ? ತಂದೇ ಅನ್ನು, ಆಮೆನ್ ಅನ್ನು,” ಎಂದಳು ಇಮೊಜೀನ್.

“ಮಧ್ಯೆ?”

“ಮಧ್ಯೆ ನಿನಗೆ ಗೊತ್ತಿರೋದು ಹೇಳು.”

“ನಂಗೇನು ಗೊತ್ತಿದೆ ಇಮೊಜೀನ್? ನಂಗೆ ಮೀಟರು ಗೊತ್ತಿದೆ.”

ಮಾರನೆಯ ದಿನ ಅವಳು ಒಂದು ಚೀಟಿಯಲ್ಲಿ ಎಂಟು ಸಾಲು ಬರೆದು ಕೈಗಿಟ್ಟಳು. ಅವನು ಅದನ್ನು ಓದಿ, ಮೆಥಡಿಸ್ಟ್ ಆದಂತಾಗುತ್ತದೆ ಎಂದು ವಾಪಸು ಕೊಟ್ಟ.

ಅಭ್ಯಾಸ ಎಲ್ಲಿ ಮಾಡುವುದು? ಮನೆಯಲ್ಲಿ ಮಾಡಿದರೆ ಇಮೊಜೀನ್ ತಿದ್ದುತ್ತಾಳೆ. ಕೊನೆಗೆ ಅವನು ಕಂಡುಕೊಂಡ ಜಾಗ ಮೀಟರಿನ ಗುಂಡಿ. ಹೇಗೂ ಮಂಡಿಯೂರಿಯೇ ಇರುತ್ತಾನೆ, ತಲೆಯೂ ಬಗ್ಗಿರುತ್ತದೆ; ಅರ್ಧ ಕೆಲಸ ಆದಂತೆಯೇ. ಮುಚ್ಚಳ ಎತ್ತಿ, ಅಂಕಿ ಬರೆದುಕೊಂಡು, ಸುತ್ತ ನೋಡಿ, ಗುಂಡಿಯೊಳಕ್ಕೆ ಪ್ರಾರ್ಥಿಸತೊಡಗಿದ. ಮೊದಲ ದಿನ ‘ಪರಲೋಕದ ತಂದೆಯೇ’ ಎಂಬುದರಿಂದ ಮುಂದೆ ಹೋಗಲಿಲ್ಲ. ಎರಡನೆಯ ದಿನ ಎದುರಿಗಿದ್ದದ್ದನ್ನೇ ಹೇಳಿದ: ತಂದೆಯೇ, ಇದು ಲಾಟಿ ವಿಟ್ಲೋ ಅವರ ಮನೆ, ಅವರನ್ನು ಕಾಪಾಡು. ಅದು ಸಲೀಸಾಗಿ ಬಂತು. ಗುಂಡಿಯ ಕಪ್ಪೆ ಆಕ್ಷೇಪಿಸಲಿಲ್ಲ.

ಆಕ್ಷೇಪಿಸಿದ್ದು ಲಾಟಿ ವಿಟ್ಲೋ. ವಿಧವೆ; ಎಂಬತ್ತರ ಹತ್ತಿರ; ಕಿವಿ ಮಾತ್ರ ಇಪ್ಪತ್ತರದ್ದು. ಜಗಲಿಯಿಂದ ಇಳಿದು ಬಂದು ಅವನ ಹಿಂದೆ ನಿಂತಿದ್ದರು.

“ಹಾಲಿಸ್, ಯಾರಪ್ಪಾ ಅದರೊಳಗೆ?”

“ಯಾರಿಲ್ಲ ಅಮ್ಮಾ.”

“ಮತ್ತೆ ನನ್ನ ಹೆಸರು ಯಾರಿಗೆ ಹೇಳ್ತಿದ್ದೆ?”

ಹಾಲಿಸ್ ಮುಚ್ಚಳ ಮುಚ್ಚಿದ. ಸಂಜೆಯೊಳಗೆ, ಹಾಲಿಸ್ ಟಿಡ್ವೆಲ್ ಮೀಟರುಗಳ ಜೊತೆ ಮಾತಾಡುತ್ತಾನೆ ಎಂಬುದು ಊರಿಗೆಲ್ಲ ತಿಳಿಯಿತು. ಕ್ಷೌರದಂಗಡಿಯಲ್ಲಿ ಬಡ್ ಸೀಗ್ರೇವ್, ಮೀಟರು ವಾಪಸು ಮಾತಾಡೋಕೆ ಶುರುಮಾಡಿದಾಗ ಹೇಳಿ, ಆಗ ಯೋಚನೆ ಮಾಡೋಣ, ಎಂದನಂತೆ. ಅಂದಿನಿಂದ ಹಾಲಿಸ್ ಊರು ಮಲಗಿದ ಮೇಲೆ, ಇಲ್ಲವೇ ಬೆಳಗಿನ ಜಾವ, ಟಾರ್ಚು ಹಿಡಿದು ಸೀಡರ್ ಬೀದಿಯ ಗುಂಡಿಗಳಿಗೆ ಅಭ್ಯಾಸಕ್ಕೆ ಬರತೊಡಗಿದ.

ದೊಡ್ಡ ಆಟದ ಸಂಜೆ ಗ್ಯಾಲರಿಯಲ್ಲಿ ಸೂಜಿ ಹಾಕಲು ಜಾಗವಿರಲಿಲ್ಲ. ಎದುರಿನ ಗ್ಯಾಲರಿಯಲ್ಲಿ ಬ್ರಾಡಸ್ ಊರಿನವರು ಹನ್ನೆರಡು ಬಸ್ಸಿನಲ್ಲಿ ಬಂದಿದ್ದರು. ಹಾಲಿಸ್ ಮದುವೆಯ ಕೋಟು ಹಾಕಿದ್ದ, ಗುಂಡಿ ಕೂಡುತ್ತಿರಲಿಲ್ಲ. ಮೈಕಿನ ಮುಂದೆ ನಿಂತು ಮೇಲೆ ನೋಡಿದ. ಅವನ ಕುರ್ಚಿಯಲ್ಲಿ ಪೀಲ್ ಮೇಷ್ಟ್ರು ಕೂತಿದ್ದರು. ಊರಿಗೆ ಹೊಸಬರು, ನಿಯಮದ ಮನುಷ್ಯ. ಪ್ರಾರ್ಥನೆಗೆ ಗಡಿಯಾರ ಓಡಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಲು ಯಾರಿಗೂ ಗೊತ್ತಿರಲಿಲ್ಲವಲ್ಲ! ಬೋರ್ಡಿನಲ್ಲಿ ಆಟದ ಮೊದಲ ಕಾಲುಭಾಗದ ಹನ್ನೆರಡು ನಿಮಿಷ ಬರೆದಂತೆ ನಿಂತಿತ್ತು.

“ತಲೆಬಾಗಿಸೋಣ,” ಎಂದ ಹಾಲಿಸ್. ಧ್ವನಿವರ್ಧಕದಲ್ಲಿ ತನ್ನ ದನಿ ತನಗೇ ಅಪರಿಚಿತರ ದನಿಯಂತೆ ಕೇಳಿಸಿತು. “ಪರಲೋಕದ ತಂದೆಯೇ.”

ಆಮೇಲೆ ಏನೂ ಇಲ್ಲ. ಮೈಕಿನಲ್ಲಿ ಗಾಳಿಯ ಸದ್ದು. ಎಲ್ಲೋ ಒಂದು ಮಗು ಪಾಪ್‌ಕಾರ್ನ್ ಕೇಳಿತು. ಹಾಲಿಸ್‌ಗೆ ಕಂಡದ್ದು ಎರಡು ಸಾವಿರ ಬಗ್ಗಿದ ನೆತ್ತಿಗಳು. ಮೈಕು ಕೈಯಲ್ಲಿದ್ದಂತೆಯೇ ಹುಲ್ಲಿನ ಮೇಲೆ ಮಂಡಿ ತಾನಾಗಿ ಊರಿತು. ಮಂಡಿ ಊರಿದ್ದೇ ತಡ, ನಾಲಗೆ ದಾರಿ ಹಿಡಿಯಿತು.

“ಇದು ಲಾಟಿ ವಿಟ್ಲೋ ಅವರ ಮನೆ. ಅವರನ್ನು ಕಾಪಾಡು. ನೀರು ಬಿಡಬಾರದು ಅಂತ ಊರಲ್ಲಿ ಕಟ್ಟುಮಾಡಿದ್ರೂ ಅವರ ಟೊಮೇಟೊ ಗಿಡಕ್ಕೆ ಬೆಳಗಿನ ಜಾವ ನೀರು ಹೋಗ್ತಾ ಇದೆ. ಒಂಟಿ ಜೀವ, ಅದೊಂದೇ ಆಸೆ ಅವರಿಗೆ. ಕ್ಷಮಿಸು ತಂದೆಯೇ. ಅದರ ಪಕ್ಕದ್ದು ಸ್ಟ್ರೌಡ್ ಅವರ ಮನೆ. ಮೂರು ದಿನಕ್ಕೆ ಅಂತ ಬಂದ ಅತ್ತೆ ಐದು ತಿಂಗಳಾಯ್ತು ಹೋಗಿಲ್ಲ. ನೀರು ಎರಡರಷ್ಟಾಗಿದೆ. ಆ ಮನುಷ್ಯನಿಗೆ ತಾಳ್ಮೆ ಕೊಡು.”

ತಲೆಗಳು ಏಳತೊಡಗಿದವು. ನಾಲ್ಕನೆಯ ಸಾಲಿನಲ್ಲಿ ಸ್ಟ್ರೌಡ್ ಇನ್ನಷ್ಟು ಬಗ್ಗಿದ. ಪಕ್ಕದಲ್ಲಿ ಅತ್ತೆ ನೆಟ್ಟಗೆ ಕೂತರು.

ಸೀಡರ್ ಬೀದಿಯ ಎಡಗಡೆ ಮುಗಿಯಿತು. ಆನ್ಸೆಲ್ ವುಡಾಲ್‌ನ ಮೀಟರು ಒಂಬತ್ತು ದಿನದಿಂದ ಅಲುಗಿಲ್ಲ, ಅವನಿಗೆ ಸ್ನಾನದ ಮನಸ್ಸು ಕೊಡು ಎಂದಾಗ ಗ್ಯಾಲರಿಯ ಒಂದು ಮೂಲೆಯಿಂದ ಆಮೆನ್ ಎಂದು ಕೇಳಿಸಿತು. ಅದು ಆನ್ಸೆಲ್‌ನ ಪಕ್ಕದಲ್ಲಿ ಕೂತವನದು. ಆಮೇಲೆ ಬಲಗಡೆ. ಕೋಚ್ ಬ್ಯಾಸ್ಕಮ್ ಅವರ ಮನೆಗೆ ಬಂದಾಗ ಹಾಲಿಸ್‌ನ ದನಿ ಇಳಿಯಿತು. ಈ ಮನೆಯಲ್ಲಿ ರಾತ್ರಿ ಎರಡಕ್ಕೆ, ಮೂರಕ್ಕೆ ನಲ್ಲಿ ತಿರುಗುತ್ತದೆ ತಂದೆಯೇ, ಹೋದ ಆಟ ಸೋತಾಗಿನಿಂದ ಅವರು ನಿದ್ದೆ ಮಾಡಿಲ್ಲ, ಎಂದ. ಮೈದಾನದ ಅಂಚಿನಲ್ಲಿ ನಿಂತಿದ್ದ ಕೋಚ್ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡರು. ಅವರನ್ನು ವಜಾ ಮಾಡಬೇಕೆಂದು ಆ ವಾರ ಸಹಿ ಹಾಕಿದ್ದವರು ಬೂಟು ನೋಡಿಕೊಂಡರು.

ಈಗ ಹಾಲಿಸ್‌ಗೆ ಒಂದು ಸಂಗತಿ ಹೊಳೆಯಿತು. ಹೀಗೆ ಮನೆಯಿಂದ ಮನೆಗೆ ಹೋಗಲು ಶುರುಮಾಡಿದ ಮೇಲೆ ನಿಲ್ಲಿಸುವುದು ಎಲ್ಲಿ? ಇಪ್ಪತ್ತೆಂಟನೆಯ ಮನೆಗೆ ಆಮೆನ್ ಎಂದರೆ ಇಪ್ಪತ್ತೊಂಬತ್ತನೆಯವರು ಸುಮ್ಮನಿರುತ್ತಾರೆಯೇ? ಇಪ್ಪತ್ತಮೂರು ವರ್ಷದಲ್ಲಿ ಅವನು ಒಂದು ಮೀಟರನ್ನೂ ಬಿಟ್ಟು ಮುಂದೆ ಹೋದವನಲ್ಲ. ಮುನ್ನೂರ ಹನ್ನೆರಡು. ಅವನು ಉಸಿರು ತೆಗೆದುಕೊಂಡು ಮುಂದಿನ ಮನೆಗೆ ಹೋದ.

ಜನಕ್ಕೂ ಇಷ್ಟರಲ್ಲಿ ದಾರಿ ತಿಳಿದಿತ್ತು. ಸೀಡರ್ ಬೀದಿಯವರು ನಿರಾಳವಾಗಿ ಕೂತರು. ಎಲ್ಮ್ ಬೀದಿಯವರು ತಮ್ಮ ನಂಬರು ಎಣಿಸಿ ಕೂದಲು ಸರಿಮಾಡಿಕೊಂಡರು. ಬ್ರಾಡಸ್ ಊರಿನವರು ಟೋಪಿ ಕಳಚಿಕೊಂಡು, ತಮಗೆ ಸಂಬಂಧವಿಲ್ಲದ ನಲ್ಲಿಗಳ ಸಮಾಚಾರ ಕೇಳುತ್ತ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು. ಆರು ನಿಮಿಷವಾದ ಮೇಲೆ ರೆಫ್ರಿ ಬಂದು ಕೋಚ್ ಕಡೆ ನೋಡಿದ, ಕೋಚ್ ಟೋಪಿಯೊಳಗೇ ಇದ್ದರು. ರೆಫ್ರಿ ಗೂಡಿನ ಕಡೆ ಕೈ ಎತ್ತಿದ. ಮೂವತ್ತೇಳನೆಯ ಮನೆಯ ನಡುವೆ ಬಡ್ ಸೀಗ್ರೇವ್ ಮೈಕಿನ ತಂತಿ ಕಿತ್ತ. ಸದ್ದು ನಿಂತದ್ದೇ ಮುಗಿಯಿತೆಂದುಕೊಂಡು ಬ್ಯಾಂಡು ಬಾರಿಸಿತು. ದಂಡ ಹದಿನೈದು ಗಜ. ಆಟವನ್ನು ನಾವು ಮೂರು ಅಂಕದಿಂದ ಗೆದ್ದೆವು, ಆದರೆ ಅಂದು ಆಟದ ಮಾತು ಆಡಿದವರು ಬಹಳ ಕಡಿಮೆ.

ಗೂಡಿನ ಏಣಿಯ ಬುಡದಲ್ಲಿ ಹಂಫಿಲ್ ಅವನನ್ನು ತಡೆದರು.

“ಎಲ್ಲಿಗೆ?”

“ಕುರ್ಚಿಗೆ.”

“ಆಮೆನ್ ಅಂದ್ಯಾ?”

ಹಾಲಿಸ್ ಯೋಚಿಸಿ ನೋಡಿದ. ಅಂದಿರಲಿಲ್ಲ. ಒಪ್ಪಂದ ಆರಂಭದಿಂದ ಆಮೆನ್‌ವರೆಗೆ. ಹಂಫಿಲ್ ತೋಳು ಕಟ್ಟಿಕೊಂಡು ನಿಂತರು. ಮೇಲೆ ಪೀಲ್ ಮೇಷ್ಟ್ರು ಕೂತೇ ಇದ್ದರು.

ಮುಂದಿನ ಕೆಲವು ದಿನ ಊರು ಎರಡು ಪಾಲಾಯಿತು. ಪ್ರಾರ್ಥನೆ ತಲುಪಿದ ಮೂವತ್ತಾರೂವರೆ ಮನೆಯವರಲ್ಲಿ ಕೆಲವರಿಗೆ ಸಿಟ್ಟು. ಲಾಟಿ ವಿಟ್ಲೋ ಊರಿಗೆಲ್ಲ ಟೊಮೇಟೊ ಹಂಚಿ ಬಾಯಿ ಮುಚ್ಚಿಸಿದರು. ಸ್ಟ್ರೌಡ್‌ನ ಅತ್ತೆ ಸೋಮವಾರದ ಬಸ್ಸಿಗೆ ಹೊರಟರು. ಅಂದಿನಿಂದ ಸ್ಟ್ರೌಡ್ ಹಾಲಿಸ್‌ನನ್ನು ಕಂಡರೆ ಟೋಪಿ ತೆಗೆಯುತ್ತಿದ್ದ. ಆದರೆ ನಿಜವಾದ ಕೋಪ ಇದ್ದದ್ದು ತಲುಪದ ಮನೆಗಳಲ್ಲಿ. ರೈಲು ಹಳಿಯ ಆಚೆಯವರು, ನಾವೇನು ದೇವರಿಗೆ ಬೇಡದವರೋ, ಎಂದು ದಿನಸಿ ಅಂಗಡಿಯಲ್ಲಿ ಕೇಳಿದರು. ಅರ್ಧಕ್ಕೆ ನಿಂತ ಮೂವತ್ತೇಳನೆಯ ಮನೆಯ ರೂಬಿ ನೆಲ್ ಕ್ರಂಪ್, ತನ್ನ ಬೆನ್ನುನೋವು ಹೆಚ್ಚಿದ್ದು ಶುಕ್ರವಾರದಿಂದಲೇ ಎಂದು ಸಾರಿದಳು. ಆಮೆನ್ ಇಲ್ಲದ ಪ್ರಾರ್ಥನೆ ಚಿಲಕ ಹಾಕದ ಬಾಗಿಲಿದ್ದಂತೆ, ಯಾವಾಗ ಏನು ಒಳಗೆ ಬರುತ್ತದೋ ಎಂದು ಇಮೊಜೀನ್‌ಗೂ ಒಳಗೊಳಗೇ ಭಯ.

ನವೆಂಬರ್ ಒಂದಕ್ಕೆ ಹಾಲಿಸ್ ಕೊಕ್ಕೆ, ಪುಸ್ತಕ ಹಿಡಿದು ಹೊರಟ. ರೂಬಿ ನೆಲ್ ಕ್ರಂಪ್ ಗೇಟಿನಲ್ಲೇ ನಿಂತಿದ್ದಳು.

“ನಮ್ಮನೇದು ಅರ್ಧ ಬಾಕಿ ಇದೆ, ಹಾಲಿಸ್. ಮುಗಿಸಿಯೇ ಮುಂದಕ್ಕೆ ಹೋಗು.”

ಅವನು ಮಂಡಿಯೂರಿದ, ಮುಚ್ಚಳ ಎತ್ತಿದ, ಅಂಕಿ ನೋಡಿದ, ಬೆನ್ನಿನ ಬಗ್ಗೆ ಎರಡು ಮಾತು ಹೇಳಿದ. ಅಂದಿನಿಂದ ಹಾಗೆಯೇ. ಪ್ರತಿ ಮನೆಯ ಮುಂದೆ ಜನ ಕೈಯೊರೆಸಿಕೊಂಡು ಹೊರಗೆ ಬಂದು ನಿಲ್ಲುತ್ತಿದ್ದರು. ಗಂಡಸರು ನಿಂತಿದ್ದು ಆಮೇಲೆ ‘ಸುಮ್ಮನೆ ನಿಂತಿದ್ದೆ’ ಎನ್ನುತ್ತಿದ್ದರು. ಮೈಕಿಲ್ಲ, ಗ್ಯಾಲರಿಯಿಲ್ಲ, ಒಂದು ಮನೆಯ ಮಾತು ಇನ್ನೊಂದಕ್ಕೆ ಕೇಳಿಸುತ್ತಿರಲಿಲ್ಲ. ಹಾಲಿಸ್‌ಗೆ ಹೇಳಲು ಇಷ್ಟೊಂದು ಇತ್ತೆಂದು ಅವನಿಗೇ ಗೊತ್ತಿರಲಿಲ್ಲ. ಇಪ್ಪತ್ತಮೂರು ವರ್ಷ ನೋಡಿದ್ದು: ಮಗು ಹುಟ್ಟಿದ ತಿಂಗಳು ಅಂಕಿ ಏರಿದ್ದು, ಮಗ ಯುದ್ಧಕ್ಕೆ ಹೋದಾಗ ಇಳಿದದ್ದು, ವಾಪಸು ಬಾರದೆ ಅಲ್ಲೇ ನಿಂತದ್ದು. ಆ ಮನೆಯ ಮುಂದೆ ಅವನು ಹೆಚ್ಚು ಹೇಳಲಿಲ್ಲ, ಹೆಚ್ಚು ಹೊತ್ತು ಮಂಡಿಯೂರಿದ್ದ.

ಎಂಟು ದಿನದ ಕೆಲಸ ಹನ್ನೊಂದು ದಿನವಾಯಿತು. ಕೊನೆಯ ಆಟದ ಹಿಂದಿನ ದಿನ, ಗುರುವಾರ ಮಧ್ಯಾಹ್ನ, ಅವನು ಮುನ್ನೂರ ಹನ್ನೆರಡನೆಯ ಮೀಟರಿಗೆ ಬಂದ. ಅದು ಪಾದ್ರಿಮನೆಯದು. ಬ್ರದರ್ ರೇಬರ್ನ್ ಹೊರಗೇ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ.

ಹಾಲಿಸ್ ಮುಚ್ಚಳ ಎತ್ತಿ ಅಂಕಿ ನೋಡಿದ. ಹಿಂದಿನ ತಿಂಗಳ ಪುಟ ತಿರುವಿದ. ಮತ್ತೆ ನೋಡಿದ. ಕೋಳಿಗೂಡಿಗೂ ಇದಕ್ಕಿಂತ ಹೆಚ್ಚು ನೀರು ಹೋಗುತ್ತದೆ.

“ಬ್ರದರ್, ನೀವು ಊಟಕ್ಕೆ ಏನು ಮಾಡ್ತೀರಿ?”

ಬ್ರದರ್ ರೇಬರ್ನ್ ಉದ್ದನೆಯ ಕತ್ತು ತಿರುಗಿಸಿ ಬೀದಿ ನೋಡಿದರು. ಅವರ ಹೆಂಡತಿ ಆರ್ಕನ್ಸಾ ರಾಜ್ಯದಲ್ಲಿ ಹಾಸಿಗೆ ಹಿಡಿದ ತಾಯಿಯ ಆರೈಕೆಗೆ ನಿಂತಿದ್ದರು, ಬರುವುದು ಯಾವಾಗಲೋ. ಮೊದಲ ಎರಡು ವಾರ ಊರಿನ ಹೆಂಗಸರೆಲ್ಲ ಪಾತ್ರೆ ಪಾತ್ರೆ ಅಡುಗೆ ತಂದು ಸುರಿದರು. ಆಮೇಲೆ ಒಬ್ಬರು ತರುತ್ತಿದ್ದಾರೆಂದು ಇನ್ನೊಬ್ಬರು ಅಂದುಕೊಂಡು ಎಲ್ಲರೂ ನಿಲ್ಲಿಸಿದರು. ಡಬ್ಬಿಯ ಸೂಪು, ಬಿಸ್ಕತ್ತು, ಹೀಗೇ ನಡೆಯುತ್ತಿದೆ ಎಂದರು. ಮನೆಯಲ್ಲಿ ಮಾತಾಡಲು ಯಾರೂ ಇಲ್ಲ, ಅದಕ್ಕೇ ಮೈಕು ಸಿಕ್ಕಾಗ ನನಗೆ ನಿಲ್ಲಿಸಲು ಆಗುವುದಿಲ್ಲವೇನೋ ಎಂದು ಸೇರಿಸಿದರು.

ಹಾಲಿಸ್ ತಲೆಬಾಗಿಸಿದ. “ತಂದೆಯೇ, ಇದು ಪಾದ್ರಿಮನೆ. ಇಲ್ಲಿ ಒಬ್ಬರು ಒಂಟಿಯಾಗಿದಾರೆ, ನಾವು ಯಾರೂ ನೋಡ್ಲಿಲ್ಲ. ನಾನು ತಿಂಗಳು ತಿಂಗಳು ನೋಡಿದೆ, ಆದ್ರೂ ನೋಡ್ಲಿಲ್ಲ. ಕ್ಷಮಿಸು. ಆಮೆನ್.”

ಬ್ರದರ್ ರೇಬರ್ನ್ ಕಣ್ಣು ಮುಚ್ಚಿಕೊಂಡೇ ಇದ್ದರು. ಆಮೇಲೆ ತೆರೆದು ಕೇಳಿದರು, “ಅಷ್ಟೇನಾ?”

“ಅಷ್ಟೇ ಬ್ರದರ್. ನೀರು ಇದ್ದದ್ದೇ ಅಷ್ಟು.”

ಬ್ರದರ್ ರೇಬರ್ನ್ ನಕ್ಕರು. ಅವರು ನಗುವುದನ್ನು ಹಾಲಿಸ್ ನೋಡಿದ್ದು ಅದೇ ಮೊದಲು. ಕತ್ತಿನ ಉದ್ದಕ್ಕೂ ಮೇಲಿನಿಂದ ಕೆಳಗಿನವರೆಗೆ ನಕ್ಕರು. ಆಮೇಲೆ ಒಳಗೆ ಹೋಗಿ ಹಂಫಿಲ್‌ಗೆ ಫೋನು ಮಾಡಿ, ಆಮೆನ್ ಆಯಿತು, ನಾನೇ ಸಾಕ್ಷಿ, ಎಂದರು. ಹಂಫಿಲ್‌ಗೂ ಸಮಾಧಾನವೇ ಆಗಿರಬೇಕು; ಪೀಲ್ ಮೇಷ್ಟ್ರು ಆ ದೊಡ್ಡ ಆಟದಲ್ಲಿ ನಿಯಮದ ಪುಸ್ತಕ ನೋಡಲು ಗಡಿಯಾರ ನಿಲ್ಲಿಸಿ, ಬ್ರಾಡಸ್‌ನವರಿಗೆ ನಾಲ್ಕು ಸೆಕೆಂಡು ದಾನ ಮಾಡಿದ್ದರು.

ಹಾಲಿಸ್ ಸಂಜೆ ಮನೆಗೆ ಬಂದು ಸಂಗತಿ ಹೇಳಿದ. ಕುರ್ಚಿ ಸಿಕ್ಕಿತೆಂದಾಗ ಇಮೊಜೀನ್ ಚಪ್ಪಾಳೆ ತಟ್ಟಿದಳು. ಡಬ್ಬಿಯ ಸೂಪಿನ ವಿಷಯ ಹೇಳಿದಾಗ ಅವಳಿಗೆ ಮಾತೇ ಹೊರಡಲಿಲ್ಲ. ಇದು ಆ ಮನೆಯಲ್ಲಿ ನಡೆದ ದೊಡ್ಡ ಸಂಗತಿ. ಆಮೇಲೆ ಹೊರಟಿತು. ಊರಿನ ಹೆಂಗಸರಿಗೆಲ್ಲ ಫೋನು ಮಾಡಿ, ಯಾರ್‍ಯಾರು ಯಾವ ದಿನ ಎಂದು ವಾರ ಹಂಚಿದಳು. ಗುರುವಾರ ತಾನೇ ಇಟ್ಟುಕೊಂಡಳು, ಏಕೆಂದರೆ ಅಂದು ಗುರುವಾರವಾಗಿತ್ತು.

ಏಳು ಗಂಟೆಗೆ ಬ್ರದರ್ ರೇಬರ್ನ್ ಬಂದು ಮೇಜಿಗೆ ಕೂತರು. ಹುರಿದ ಕೋಳಿ, ಮೆಕ್ಕೆಜೋಳದ ರೊಟ್ಟಿ, ಬೆಣ್ಣೆ ಹಾಕಿದ ಹುರುಳಿಕಾಯಿ. ಇಮೊಜೀನ್ ಅವರಿಗೆ ಊರಿನ ಮೂವತ್ತು ವರ್ಷದ ಚರಿತ್ರೆಯನ್ನು ಹೇಳತೊಡಗಿದಳು. ಅವರು ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಅದಕ್ಕೆ ರೊಟ್ಟಿ ಹಾಕಿಕೊಂಡು ಮುಚ್ಚಿದರು. ಹಾಲಿಸ್ ತನ್ನ ತಟ್ಟೆ ನೋಡುತ್ತ ಕೂತಿದ್ದ. ಊಟ ಅರ್ಧವಾದಾಗ ಇಮೊಜೀನ್ ತಟ್ಟನೆ ನಿಲ್ಲಿಸಿದಳು.

“ಅಯ್ಯೋ, ಪ್ರಾರ್ಥನೆ ಯಾರೂ ಹೇಳಲೇ ಇಲ್ಲ!”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಬ್ರದರ್ ರೇಬರ್ನ್ ಕೈ ಒರೆಸಿಕೊಂಡು ಸಿದ್ಧರಾಗುತ್ತಿದ್ದರು.

“ನೀವು ಊಟ ಮಾಡಿ ಬ್ರದರ್,” ಎಂದ ಹಾಲಿಸ್, “ಕೋಳಿ ಆರಿಹೋಗತ್ತೆ. ನಾನು ಹೇಳ್ತೀನಿ.”